ಫೂ ಆಂಟಿ ಹೇಳಲೊಪ್ಪದ ವಾಕ್ಯ

ಹೋದ ಭಾನುವಾರ ಸಿಡ್ನಿಯ ಕೆಲ್ಲಿವಿಲ್‌ನ ನಮ್ಮ ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಪಕ್ಕದ ಮನೆಯವರು ಬೇಲಿಯುದ್ದಕ್ಕೂ ಬೆಳೆದ ಬಿದಿರನ್ನು ಕಡಿಸಿ, ಅದರ ಒಂದೆರಡು ತುಂಡನ್ನು ಬಾರ್ಬೆಕ್ಯೂ ಒಲೆಗೆ ಹಾಕಿದ್ದರು. ಹಸಿ ಬಿದಿರು ಸುಟ್ಟರೆ ಒಂದು ಸಿಹಿ ಹೊಗೆ ಬರುತ್ತದೆ, ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿದ ಹಾಗೆ. ಒದ್ದೆ ಟವೆಲ್ ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಅಡುಗೆಮನೆಯ ಕಿಟಕಿಯಿಂದ ನನ್ನ ಗಂಡ ಗಿರೀಶ ಕೂಗಿದ.

"ಏನಾತು? ಹಾವೇನರ ಕಂಡ್ತೇನು?"

ಹಾವಲ್ಲ, ಡ್ಯಾಂಡಿನಾಂಗ್ ಕಂಡಿತ್ತು. ಆರು ವರ್ಷದ ಹಿಂದಿನ ಒಂದು ಚಳಿಗಾಲ, ಮಂಜು ಕವಿದ ರೈಲು, ಕಾಲು ಚಾಚಿ ನೆಲದ ಮೇಲೆ ಕೂತ ಫೂ ಆಂಟಿ.

ಆ ವರ್ಷ ನನಗೆ ಸಿಕ್ಕ ಕೆಲಸವೇ ಒಂದು ವಿಚಿತ್ರ. ಧಾರವಾಡದಲ್ಲಿ ಭಾಷಾಶಾಸ್ತ್ರ ಎಂ.ಎ. ಮಾಡಿದವಳು ನಾನು. ಮದುವೆಯಾಗಿ ಸಿಡ್ನಿಗೆ ಬಂದ ಮೇಲೆ ಆ ಡಿಗ್ರಿಯನ್ನು ಸೂಟ್‌ಕೇಸಿನ ತಳದಲ್ಲಿ ರೇಷ್ಮೆ ಸೀರೆಗಳ ಜೊತೆಗೆ ಇಟ್ಟಿದ್ದೆ. ಎರಡಕ್ಕೂ ಹೊರಗೆ ಬರುವ ಸಂದರ್ಭ ಕಡಿಮೆ. ಹೀಗಿರುವಾಗ ಮೆಲ್ಬರ್ನ್‌ನ ಒಬ್ಬ ಪ್ರೊಫೆಸರ್‌ಗೆ ಆರು ತಿಂಗಳ ಮಟ್ಟಿಗೆ ಸಹಾಯಕಿ ಬೇಕಾಗಿದ್ದಾಳೆ ಎಂದು ತಿಳಿಯಿತು. ಭಾಷೆಯ ಹೆಸರು ಹ್ಲಾಯ್. ಚೀನಾದ ದಕ್ಷಿಣ ತುದಿಯ ಹೈನಾನ್ ದ್ವೀಪದ ಬೆಟ್ಟದ ಜನ ಆಡುವ ಮಾತು. ಅದನ್ನು ಆಡುವ ಒಬ್ಬ ಹೆಂಗಸು ಮೆಲ್ಬರ್ನ್ ಹೊರವಲಯದ ಡ್ಯಾಂಡಿನಾಂಗ್‌ನಲ್ಲಿ ಮಗಳ ಮನೆಯಲ್ಲಿದ್ದಾರಂತೆ. ಬೇಕು, ಬೇಡ, ಬಹುದು, ಬಾರದು, ಆಗುತ್ತದೆ, ಆಗದು, ಇಂಥವನ್ನೆಲ್ಲ ಆ ಭಾಷೆಯಲ್ಲಿ ಹೇಗೆ ಹೇಳುತ್ತಾರೆ ಎಂದು ಕೇಳಿ, ರೆಕಾರ್ಡ್ ಮಾಡಿ, ಪಟ್ಟಿ ತುಂಬಿಸಬೇಕು. ಇಷ್ಟೇ ಕೆಲಸ.

ಗಿರೀಶ ಹುಬ್ಬಳ್ಳಿಯವನು. ಅವನಿಗೆ ಹೇಳಿದಾಗ ನಕ್ಕ. "ಬ್ಯಾಡ ಅನ್ನೋದನ್ನ ಕಲಿಯಾಕ ಮೆಲ್ಬರ್ನ್‌ತನಕ ಹೋಗಬೇಕೇನು? ಮನ್ಯಾಗ ದಿನಾ ಅದನ್ನ ಹೇಳ್ತೀಯಲ್ಲ!" ಆದರೆ ಏರ್‌ಪೋರ್ಟಿಗೆ ಅವನೇ ಬಿಟ್ಟ. ಕ್ರಾನ್‌ಬರ್ನ್‌ನಲ್ಲಿ ಉಡುಪಿಯ ಕಡೆಯ ದಂಪತಿಯ ಮನೆಯ ಹಿಂದಿನ ಕೋಣೆಯನ್ನು ರೆಂಟ್‌ಗೆ ಹಿಡಿದೆ. ಅಲ್ಲಿಂದ ಡ್ಯಾಂಡಿನಾಂಗ್‌ಗೆ ರೈಲಿನಲ್ಲಿ ಕಾಲು ಗಂಟೆ. ಜೂನ್ ತಿಂಗಳ ಬೆಳಿಗ್ಗೆಗಳಲ್ಲಿ ಮಂಜು ಎಷ್ಟು ದಟ್ಟವಾಗಿರುತ್ತಿತ್ತೆಂದರೆ ಸ್ಟೇಷನ್ನುಗಳು ಇದ್ದಕ್ಕಿದ್ದಂತೆ ಬಂದು ಕಿಟಕಿಗೆ ಅಂಟಿಕೊಳ್ಳುತ್ತಿದ್ದವು. ವೇರ್‌ಹೌಸ್ ಕೆಲಸಕ್ಕೆ ಹೋಗುವವರು ಹಳದಿ ಜಾಕೆಟ್ ಹಾಕಿಕೊಂಡು ಕೂತಲ್ಲೇ ತೂಕಡಿಸುತ್ತಿದ್ದರು. ನಾನೂ ಅರ್ಧ ನಿದ್ದೆಯಲ್ಲೇ ಇಳಿದು ನಡೆಯುತ್ತಿದ್ದೆ. ಈಗ ನೆನೆದರೆ ಆ ಚಳಿಗಾಲವನ್ನು ಪೂರ್ತಿ ಎಚ್ಚರವಾಗಿ ಕಳೆದೆನೇ ಎಂಬ ಅನುಮಾನ ಬರುತ್ತದೆ.

ಆ ಹೆಂಗಸೇ ಫೂ ಆಂಟಿ. ಎಪ್ಪತ್ತರ ಹತ್ತಿರ ವಯಸ್ಸು. ಗುಬ್ಬಿಯಂಥ ಮೈ, ದಪ್ಪ ಸ್ವೆಟರು, ಅದರ ಮೇಲೆ ಮಗಳ ಹಳೆಯ ಇನ್ನೊಂದು ಸ್ವೆಟರು. ನೆಲದ ಮೇಲೆ ಕೂತು, ಮಗ್ಗದ ಪಟ್ಟಿಯನ್ನು ಸೊಂಟಕ್ಕೆ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ಅಂಗಾಲಿನಿಂದ ಒತ್ತಿಹಿಡಿದು ನೇಯುತ್ತಿದ್ದರು. ನೇಯ್ದಂತೆಲ್ಲ ಮಾತು. ತರಕಾರಿ ಪ್ಯಾಕ್ ಮಾಡುವ ಕಡೆ ಕೆಲಸ ಮಾಡಿ ಕಲಿತ ಇಂಗ್ಲಿಷ್ ಅವರದು, ನಾಲ್ಕೇ ಪದದಲ್ಲಿ ಎಲ್ಲವನ್ನೂ ಹೇಳುವಂಥದ್ದು. ಅದನ್ನು ನಾನು ಇಲ್ಲಿ ನನಗೆ ಕೇಳಿಸಿದಂತೆ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಮಗಳು ಲಿಲಿ ಫಾರ್ಮಸಿಸ್ಟ್. ತಾಯಿಯ ಹ್ಲಾಯ್ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಚೈನೀಸ್‌ನಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ. ಶಾಲೆಗೆ ಸೇರಿದ ಮೇಲೆ ಆ ಮಾತನ್ನು ಆಡಿಲ್ಲ ಎಂದಿದ್ದಳು. ನಮ್ಮ ಮಕ್ಕಳ ಕಥೆಯೂ ಅದೇ ತಾನೇ.

ಮೊದಲ ದಿನ ಮೈಕ್ ಇಟ್ಟು, "ಆಂಟಿ, ಆಗುತ್ತೆ ಅನ್ನೋ ಅರ್ಥ ಬರೋ ಒಂದು ಸೆಂಟೆನ್ಸ್ ಹೇಳಿ, ಯಾವುದಾದ್ರೂ ಸರಿ" ಎಂದೆ. ಅವರು ಕಣ್ಣು ಮುಚ್ಚಿ ಒಂದು ವಾಕ್ಯ ಹೇಳಿ ತಾವೇ ಅರ್ಥ ಬಿಡಿಸಿದರು. "ನಾನು ಊರಿಗೆ ಹೋಗಬಹುದು." ಊರಲ್ಲಿ ಅವರ ಅಕ್ಕ ಇದ್ದಳು. ಹಾಸಿಗೆ ಹಿಡಿದಿದ್ದಳು. ಭಾನುವಾರ ಯಾರೋ ಅವಳ ಕಿವಿಗೆ ಫೋನ್ ಹಿಡಿಯುತ್ತಿದ್ದರು, ಇಬ್ಬರೂ ಒಂದು ಗಂಟೆ ಮಾತಾಡುತ್ತಿದ್ದರು. ಚಳಿ ಮುಗಿದ ಮೇಲೆ ಲಿಲಿ ಟಿಕೆಟ್ ಬುಕ್ ಮಾಡುತ್ತಾಳೆ, ಅಕ್ಕನನ್ನು ನೋಡಿ ಬರುತ್ತೇನೆ ಎಂದು ಆಂಟಿ ಬೆರಳು ಮಡಿಸಿ ತಿಂಗಳು ಎಣಿಸಿ ತೋರಿಸಿದರು. ನಾನು ಅದನ್ನು ಉದಾಹರಣೆ ಒಂದು ಎಂದು ಬರೆದುಕೊಂಡೆ.

ಎರಡನೆಯ ದಿನವೇ ತೊಡಕು ಶುರುವಾಯಿತು. "ಅವಳಿಗೆ ಈಜಲು ಬರುವುದಿಲ್ಲ" ಎನ್ನುವುದು ಹೇಗೆ ಎಂದು ಕೇಳಿದೆ.

"ಯಾರಿಗೆ?"

"ಯಾರಿಗಾದ್ರೂ ಆಂಟಿ. ಸುಮ್ನೆ."

"ಯಾರೂ ಇಲ್ದೇ ಹೇಗೆ ಹೇಳೋದು?"

"ಸರಿ, ನಿಮಗೇ ಬರಲ್ಲ ಅನ್ಕೊಳ್ಳಿ."

"ನನಗೆ ಬರುತ್ತೆ. ಮನೆ ಎದುರಿಗೇ ಹೊಳೆ."

ಎಷ್ಟು ಗೋಗರೆದರೂ ಆಂಟಿ ಜಗ್ಗಲಿಲ್ಲ. ನಿಜವಲ್ಲದ ವಾಕ್ಯ ಅವರ ಬಾಯಿಂದ ಹೊರಡುತ್ತಲೇ ಇರಲಿಲ್ಲ. ಅದು ಅವರ ಜನರ ಪದ್ಧತಿಯೇನಲ್ಲ, ಅವರೇ ಹಾಗೆ. ಪ್ರೊಫೆಸರ್‌ಗೆ ಹೇಳಿದರೆ, "ಅಂಥವರು ಒಬ್ಬೊಬ್ಬರು ಇರುತ್ತಾರೆ, ನೀನೇ ದಾರಿ ಹುಡುಕಿಕೋ" ಎಂದರು.

ನಾನು ಹುಡುಕಿದ ದಾರಿ ಇದು. ಪಟ್ಟಿಯಲ್ಲಿ ಬೇಕಾದ 'ಇಲ್ಲ'ಗಳನ್ನು ಒಂದೊಂದಾಗಿ ನಿಜ ಮಾಡುವುದು. ಪಾರ್ಕಿಗೆ ಕರೆದುಕೊಂಡು ಹೋಗಿ ಬಾಡಿಗೆ ಸೈಕಲ್ ಮೇಲೆ ಕೂರಿಸಿದೆ. ಎರಡು ಅಡಿ ಹೋಗಿ ವಾಲಿದರು, ಹಿಡಿದುಕೊಂಡೆ, ನನ್ನ ತೋಳಲ್ಲಿ ಇರುವಾಗಲೇ "ನನಗೆ ಸೈಕಲ್ ಬರಲ್ಲ" ಎಂದು ಹ್ಲಾಯ್‌ನಲ್ಲಿ ಮೈಕಿಗೆ ಹೇಳಿದರು. ಕ್ರಾನ್‌ಬರ್ನ್‌ನ ಗಿಡಗಳ ತೋಟಕ್ಕೆ ಹೋದೆವು. ಹೂ ಕೀಳಬಾರದು ಎಂದು ನಾನು ಹೇಳಿದ್ದಷ್ಟೇ ಸಾಲಲಿಲ್ಲ. ಒಂದು ಹಳದಿ ವಾಟಲ್ ಹೂವಿನ ಗೊಂಚಲನ್ನು ಕಿತ್ತೇ ಕಿತ್ತರು, ಕಾವಲಿನ ಹುಡುಗಿ ಬಂದು ಬೈದಳು, ಆಗ ಸಮಾಧಾನವಾಗಿ ನನ್ನ ಕಡೆ ತಿರುಗಿ ವಾಕ್ಯ ಕೊಟ್ಟರು. ಬೈಸಿಕೊಂಡವಳು ಮಾತ್ರ ನಾನು. ಮಾರ್ಕೆಟ್ಟಿನಲ್ಲಿ ನನಗೆ ಬೇಡವಾದ ಒಣಮೀನನ್ನು ನನ್ನ ಮೂಗಿಗೇ ಹಿಡಿದು, ನಾನು ಮುಖ ಕಿವುಚಿದ ಮೇಲೆ "ಸುಧಾಗೆ ಬೇಡ" ಎಂದು ಗೆದ್ದವರಂತೆ ಹೇಳಿದರು.

ಇಲ್ಲ ಎನ್ನುವುದಕ್ಕೆ ಅವರಲ್ಲಿ 'ತಾ' ಎಂಬ ಒಂದು ಸಣ್ಣ ಮಾತಿದೆ. ಕ್ರಿಯಾಪದಕ್ಕಿಂತ ಮೊದಲೇ ಬಂದು ಕೂರುತ್ತದೆ. ನಮ್ಮಲ್ಲಿ ಇಲ್ಲ ಎಂಬುದು ವಾಕ್ಯದ ಕೊನೆಗೆ ಬರುವುದರಿಂದ ಅಲ್ಲಿಯವರೆಗೆ ಆಸೆ ಇಟ್ಟುಕೊಳ್ಳಲು ಸಾಧ್ಯ. ಅವರಲ್ಲಿ ಮೊದಲೇ ಗೊತ್ತಾಗಿಬಿಡುತ್ತದೆ. ರೈಲಿನಲ್ಲಿ ವಾಪಸು ಬರುವಾಗ ಇಂಥದ್ದನ್ನೇ ಯೋಚಿಸುತ್ತ, ತುಟಿಯಲ್ಲಿ ತಾ ತಾ ಎಂದು ರೂಢಿ ಮಾಡುತ್ತ ಕೂತಿರುತ್ತಿದ್ದೆ. ಎದುರು ಸೀಟಿನವರು ಬೇರೆ ಕಡೆ ಹೋಗಿ ಕೂರುತ್ತಿದ್ದರು.

ಮಧ್ಯಾಹ್ನದ ಊಟಕ್ಕೆ ಆಂಟಿ ಬೇಲಿಯ ಬಿದಿರನ್ನು ಕಡಿದು, ಅದರೊಳಗೆ ಅಕ್ಕಿ ತುಂಬಿಸಿ, ಹಿತ್ತಲಿನ ಕಬ್ಬಿಣದ ಬಾಣಲೆಯ ಕೆಂಡದ ಮೇಲೆ ಸುಡುತ್ತಿದ್ದರು. ಕೊಳವೆ ಸೀಳಿದರೆ ಒಳಗೆ ಅನ್ನ ಉದ್ದಕ್ಕೆ ನಿಂತಿರುತ್ತಿತ್ತು. ನಾನು ಡಬ್ಬಿಯಲ್ಲಿ ತಂದ ಶೇಂಗಾ ಚಟ್ನಿಪುಡಿಯನ್ನು ಅದಕ್ಕೆ ಉದುರಿಸಿಕೊಂಡು ಇಬ್ಬರೂ ಕೈಯಲ್ಲೇ ತಿನ್ನುತ್ತಿದ್ದೆವು. ಹೊಗೆ ಮೇಲೇರಿ ಮಂಜಿನಲ್ಲಿ ಸೇರುತ್ತಿತ್ತು. ಯಾವುದು ಹೊಗೆ ಯಾವುದು ಮಂಜು ತಿಳಿಯುತ್ತಿರಲಿಲ್ಲ. ತಿನ್ನುತ್ತ ಆಂಟಿ ಹೇಳುತ್ತಿದ್ದರು, ನಾನು ಮೈಕ್ ಆರಿಸುತ್ತಿರಲಿಲ್ಲ. ಮೊದಲ ಮಗುವಿಗೆ ಹಾಲು ಕುಡಿಸಲು ಆಗಲಿಲ್ಲ. ಬೆಟ್ಟ ಇಳಿದು ಮದುವೆಯಾಗಿ ಹೋದ ಪೇಟೆಯಲ್ಲಿ ಅತ್ತೆ ಈ ಮಾತು ಆಡಕೂಡದು ಎಂದಳು. ಅಕ್ಕ ಒಬ್ಬಳೇ ಆಗಾಗ ಬೆಟ್ಟ ಇಳಿದು ಬರುತ್ತಿದ್ದಳು, ಹೊಳೆಯ ದಂಡೆಯಲ್ಲಿ ಕೂತು ಇಬ್ಬರೂ ಸಾಕಾಗುವಷ್ಟು ಮಾತಾಡುತ್ತಿದ್ದರು. ನಾನು ಕೋಣೆಗೆ ಹೋಗಿ ಅವನ್ನೆಲ್ಲ ಬಿಡಿಸಿ ಬರೆಯುತ್ತಿದ್ದೆ. ನೂರಾಹನ್ನೆರಡು, ನೂರಾಹದಿಮೂರು, ನೂರಾಹದಿನಾಲ್ಕು.

ಜುಲೈ ಕೊನೆಯ ಹೊತ್ತಿಗೆ ಲಿಲಿ ಒಂದು ದಿನ ನನ್ನನ್ನು ಗೇಟಿನ ತನಕ ಬಿಡಲು ಬಂದಳು.

"ಅಮ್ಮ ಊರಿಗೆ ಹೋಗೋ ವಿಷಯ ತೆಗೆದ್ರೆ ನೀನು ಏನೂ ಹೇಳಬೇಡ, ಪ್ಲೀಸ್."

"ಯಾಕೆ, ಡಾಕ್ಟರ್ ಬೇಡ ಅಂದ್ರಾ?"

"ಹೋಗಬೇಡಿ ಅಂತನೂ ಅಂದಿಲ್ಲ, ಹೋಗಿ ಅಂತನೂ ಅಂದಿಲ್ಲ. ಹಾರ್ಟ್ ವೀಕ್ ಇದೆ, ಆದರೆ ಮಾತ್ರೆ ಕೆಲಸ ಮಾಡ್ತಿದೆ." ಅವಳು ಗೇಟಿನ ಚಿಲಕವನ್ನು ಹಾಕಿ ತೆಗೆದು ಮಾಡಿದಳು. "ಹೋದ್ರೆ ಅವಳು ವಾಪಸ್ ಬರಲ್ಲ. ನನಗೆ ಗೊತ್ತು. ಮೂರು ವರ್ಷದಿಂದ ನೆಕ್ಸ್ಟ್ ಇಯರ್, ನೆಕ್ಸ್ಟ್ ಇಯರ್ ಅಂತ ದೂಡ್ತಾ ಬಂದಿದೀನಿ. ಇನ್ನೊಂದು ವರ್ಷ ದೂಡಿದ್ರೆ..." ಆಂಟಿಯ ಅಕ್ಕನ ವಯಸ್ಸು ನೆನಪಾಗಿರಬೇಕು, ಇನ್ನೊಂದು ವರ್ಷಕ್ಕೆ ಹೋಗುವ ಕಾರಣವೇ ಇರುವುದಿಲ್ಲ ಎಂಬುದು ಇಬ್ಬರಿಗೂ ತಿಳಿಯಿತು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ತಾಯಿಯನ್ನು ಕಳೆದುಕೊಳ್ಳುವ ಭಯ ಅವಳ ಮುಖದಲ್ಲಿ ಅಷ್ಟು ಸ್ಪಷ್ಟವಾಗಿತ್ತು.

ಆಗಸ್ಟ್ ಬಂತು. ಪ್ರೊಫೆಸರ್‌ರಿಂದ ಇಮೇಲ್. ಶುಕ್ರವಾರದೊಳಗೆ ಪಟ್ಟಿ ಕಳಿಸು, ಇನ್ನು ಒಂದೇ ಚೌಕ ಖಾಲಿ ಉಳಿದಿದೆ. ಮೊದಲ ದಿನದ 'ಹೋಗಬಹುದು' ಎಂಬ ವಾಕ್ಯಕ್ಕೆ ಜೋಡಿ ಇರಲಿಲ್ಲ. ಅದೇ ಪದಗಳು, ಒಂದು ತಾ ಮಾತ್ರ ಹೆಚ್ಚು, ಅಂಥದ್ದು ಸಿಕ್ಕರೆ ಭಾಷಾಶಾಸ್ತ್ರದವರಿಗೆ ಹಬ್ಬ. ಇಂಥ ಹೊತ್ತಿಗೆ ನಮ್ಮ ಕಸುಬಿನಲ್ಲಿ ಮಾಡುವುದು ಒಂದಿದೆ. ಹೇಳುವವರು ಹೇಳದಿದ್ದರೆ ವಾಕ್ಯವನ್ನು ನಾವೇ ಕಟ್ಟಿ, ಅವರ ಮುಂದೆ ಓದಿ, ಸರಿಯೋ ತಪ್ಪೋ ಎಂದು ಕೇಳುವುದು. ಸರಿ ಎಂದರೆ ಟಿಕ್. ಎರಡು ತಿಂಗಳ ಸಹವಾಸದಲ್ಲಿ ನನ್ನ ಹ್ಲಾಯ್ ಅಷ್ಟರ ಮಟ್ಟಿಗೆ ಆಗಿತ್ತು. ಜಂಭವೂ ಬಂದಿತ್ತು ಅನ್ನಿ.

ಗುರುವಾರ ಬೆಳಿಗ್ಗೆ ಆಂಟಿ ಮಗ್ಗದ ಮುಂದೆ ಕೂತಿದ್ದರು. ನಾನು ಮೈಕ್ ಇಟ್ಟು, ಗಂಟಲು ಸರಿಮಾಡಿಕೊಂಡು, ಕಾಗದ ನೋಡದೆ, ಸ್ವರದ ಏರಿಳಿತ ಎಲ್ಲೂ ತಪ್ಪದಂತೆ ಅವರ ಭಾಷೆಯಲ್ಲಿ ಹೇಳಿದೆ. ನಿಮಗೆ ಊರಿಗೆ ಹೋಗಲಾಗದು.

ಅವರ ಕೈ ನಿಂತಿತು. "ಇನ್ನೊಂದ್ ಸಲ ಹೇಳು" ಎಂದರು. ಹೇಳಿದೆ.

"ಸರಿಯಾಗಿದೆ" ಎಂದರು ಆಂಟಿ. ಆಮೇಲೆ ಕೇಳಿದರು. "ಲಿಲಿ ಹೇಳಿದ್ಲಾ ನಿನಗೆ?"

"ಇಲ್ಲ ಆಂಟಿ, ಯಾರೂ ಹೇಳಿಲ್ಲ. ಇದು ಬರೀ ಎಕ್ಸಾಂಪಲ್."

"ಎಕ್ಸಾಂಪಲ್ ಅಂದ್ರೆ?"

ವಿವರಿಸಿದೆ. ಅರ್ಥದ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ, ಮಾತಿನ ಜೋಡಣೆ ಮಾತ್ರ ನೋಡುವುದು, ಹಾಗೆ ಹೀಗೆ. ಆಂಟಿ ಪೂರ್ತಿ ಕೇಳಿದರು. ಆಮೇಲೆ ಅಂದರು, "ನನ್ನ ಮಗುಗೆ ಹಾಲು ಕುಡಿಸೋಕೆ ಆಗ್ಲಿಲ್ಲ ಅಂದೆ. ಅದೂ ಎಕ್ಸಾಂಪಲ್ಲಾ?"

ಅದು ನನ್ನ ಪಟ್ಟಿಯಲ್ಲಿ ನೂರಾಹನ್ನೆರಡನೆಯದು ಎಂಬುದು ಮಾತ್ರ ತಲೆಗೆ ಬಂತು. ಆಂಟಿ ಸೊಂಟದ ಪಟ್ಟಿ ಬಿಚ್ಚಿ, ಮಗ್ಗ ಸುರುಳಿ ಸುತ್ತಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅದು ಹಾಕಿದ ಸದ್ದೇ ಆಗಲಿಲ್ಲ.

ಎರಡು ವಾರ ಅವರು ನನ್ನನ್ನು ಬರಹೇಳಲಿಲ್ಲ. ಭಾನುವಾರ ಅಕ್ಕನಿಗೆ ಫೋನನ್ನೂ ಮಾಡಲಿಲ್ಲ ಎಂದು ಲಿಲಿ ಮೆಸೇಜ್ ಮಾಡಿದಳು, ಏನಾಯಿತು ಎಂದು ಕೇಳಿದಳು. ನಾನು ಉತ್ತರಿಸದೆ ಕುಳಿತೆ. ಹೊರಗೆ ಮಂಜು, ಒಳಗೆ ಹೀಟರಿನ ಗುಂಯ್ ಸದ್ದು. ಬೇರೆ ಯಾರಾದರೂ ಈ ತಪ್ಪು ಮಾಡಿದ್ದರೆ ಕ್ಷಮಿಸಬಹುದಿತ್ತು. ನಮ್ಮ ಮನೆಯಲ್ಲಿ ಅಕ್ಕಿ ಮುಗಿದರೆ ಅಕ್ಕಿ ಹೆಚ್ಚಾಗಿದೆ ಅನ್ನುತ್ತಿದ್ದರು. ದೀಪ ಆರಿಸು ಅನ್ನುತ್ತಿರಲಿಲ್ಲ, ದೊಡ್ಡದು ಮಾಡು ಅನ್ನುತ್ತಿದ್ದರು. ಹೊರಡುವಾಗ ಹೋಗ್ತೀನಿ ಅಂದರೆ ಅಜ್ಜಿ ಮತ್ತೆ ಒಳಗೆ ಕರೆದು, ಬರ್ತೀನಿ ಅನ್ನಿಸಿ ಕಳಿಸುತ್ತಿದ್ದಳು. ಅಂಥ ಮನೆಯಲ್ಲಿ ಬೆಳೆದ ನಾನು, ಒಂದು ಚೌಕ ತುಂಬಿಸುವ ಆಸೆಗೆ, ಆ ಮುದುಕಿಗೆ ಮಗಳು ಮೂರು ವರ್ಷ ಹೇಳಲಾರದೆ ಉಳಿಸಿದ್ದನ್ನು ಅವರದೇ ಮಾತಿನಲ್ಲಿ ಸ್ಪಷ್ಟವಾಗಿ ಹೇಳಿ ಬಂದಿದ್ದೆ. ನಾಚಿಕೆಯಿಂದ ಸತ್ತುಹೋದೆ.

ಗಿರೀಶನಿಗೆ ಫೋನ್ ಮಾಡಿ ಅತ್ತೆ. ಅವನು ಪೂರ್ತಿ ಕೇಳಿದ.

"ಅಳೂದು ಆತಲ್ಲ? ಈಗ ಎದ್ದು ಹೋಗು. ಆ ಹುಡುಗಿಗೆ ಖರೇ ಏನಾತಂತ ಹೇಳು. ತಪ್ಪು ನಿಂದೈತಿ."

"ಲಿಲಿ ನನ್ನ ಕೆಲಸ ತೆಗೆಸ್ತಾಳ."

"ತೆಗೆಸ್ಲಿ. ಬಾ, ನಾ ಒಬ್ಬನ ಇಲ್ಲಿ ಮಾರ್ಟ್‌ಗೇಜ್ ನೋಡಿಕೋತ ಕುಂತೀನಿ."

ಶನಿವಾರ ಹೋದೆ. ಮನೆಯೊಡತಿಯ ಕಾರು ಕೇಳಿ ತೆಗೆದುಕೊಂಡಿದ್ದೆ. ರೆಕಾರ್ಡಿಂಗ್ ಚೀಲ ಹಿಂದಿನ ಸೀಟಿನಲ್ಲಿತ್ತು, ಅದನ್ನು ಮುಟ್ಟಲು ಮನಸ್ಸಾಗಲಿಲ್ಲ. ಬಾಗಿಲು ತೆರೆದದ್ದು ಲಿಲಿ. ಅಲ್ಲೇ ಹೊಸ್ತಿಲಲ್ಲಿ ನಿಂತು ಒಂದೇ ಉಸಿರಿಗೆ ಹೇಳಿದೆ. ಅವಳ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು. ಹೊರಗೆ ಹಾಕುತ್ತಾಳೆ ಎಂದುಕೊಂಡೆ. ಅಷ್ಟರಲ್ಲಿ ಒಳಗಿನಿಂದ ಆಂಟಿಯ ದನಿ ಬಂತು. "ಸುಧಾ ಬರ್ಲಿ."

ಆಂಟಿ ಊಟದ ಮೇಜಿನ ಮುಂದೆ ಕುರ್ಚಿಯ ಮೇಲೆ ಕೂತಿದ್ದರು. ಅವರನ್ನು ಕುರ್ಚಿಯ ಮೇಲೆ ನೋಡಿದ್ದು ಅದೇ ಮೊದಲು. ಎದುರಿನ ಕುರ್ಚಿ ತೋರಿಸಿ ಲಿಲಿಗೆ ಕೂರಲು ಹೇಳಿದರು, ನನ್ನನ್ನು ನಿಲ್ಲಿಸಿದರು.

"ಆ ಮಾತು ಹೇಳು."

"ಬೇಡ ಆಂಟಿ."

"ನನಗಲ್ಲ. ಇವಳಿಗೆ ಕೇಳಿಸೋ ಹಾಗೆ ಹೇಳು."

ಹೇಳಿದೆ. ಈ ಸಲ ಸ್ವರ ಎಲ್ಲೆಲ್ಲಿ ತಪ್ಪಿತೋ ನನಗೇ ಗೊತ್ತಿಲ್ಲ. ಆದರೂ ಲಿಲಿಗೆ ಅರ್ಥವಾಯಿತು, ಕುರ್ಚಿಯ ಅಂಚು ಹಿಡಿದುಕೊಂಡಳು. "ನಾನು ಯಾವತ್ತೂ ಹಾಗೆ ಹೇಳಿಲ್ಲ ಅಮ್ಮಾ."

"ಮೂರು ವರ್ಷದಿಂದ ಹೇಳ್ತಾ ಇದೀಯಾ" ಎಂದರು ಆಂಟಿ. ಸಿಟ್ಟಿರಲಿಲ್ಲ. "ನೀನು ಸುತ್ತಿ ಬಳಸಿ ಹೇಳ್ದೆ, ನಾನು ಕೇಳಿಸಿಕೊಳ್ಳಲಿಲ್ಲ. ಇವಳು ನೇರ ಹೇಳಿದ್ಲು. ಈಗ ಹೇಳು, ಅದು ನಿಜಾನಾ?"

ಮನೆಯ ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು. ಕಿಟಕಿಯ ಆಚೆ ಬೆಳಕು ಬಿದಿರಿನ ನಡುವೆ ನಿಧಾನವಾಗಿ ಜಾರುತ್ತಿತ್ತು. ಎಷ್ಟು ಹೊತ್ತು ಹಾಗಿದ್ದೆವೋ, ನನ್ನ ನೆನಪಿನಲ್ಲಿ ಅದು ಆ ಚಳಿಗಾಲದಷ್ಟೇ ಉದ್ದ ಇದೆ.

"ನೀನು ವಾಪಸ್ ಬರಲ್ಲ" ಎಂದಳು ಲಿಲಿ ಕೊನೆಗೆ, ಚಿಕ್ಕ ಹುಡುಗಿಯ ದನಿಯಲ್ಲಿ.

"ಅದು ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ನಾನು ಹೇಳಲ್ಲ. ನಾನು ಕೇಳಿದ್ದು ಅದಲ್ಲ. ಇವಳು ಹೇಳಿದ್ದು ನಿಜಾನಾ?"

"ಅಲ್ಲ."

"ಹಾಗಾದ್ರೆ ನಿಜವಾದದ್ದನ್ನ ಹೇಳು."

ಲಿಲಿ ಚೈನೀಸ್‌ನಲ್ಲಿ ಏನೋ ಶುರು ಮಾಡಿದಳು. ಆಂಟಿ ತಲೆಯಾಡಿಸಿದರು. ಲಿಲಿ ಇಂಗ್ಲಿಷಿಗೆ ಬಂದಳು. ಅದಕ್ಕೂ ತಲೆಯಾಡಿಸಿದರು. ಆಮೇಲೆ ಲಿಲಿ ಕಣ್ಣು ಮುಚ್ಚಿದಳು. ಬಾಯಿ ತೆರೆದಳು, ಮುಚ್ಚಿದಳು. ಎಲ್ಲೋ ಆಳದಿಂದ ಒಂದೊಂದೇ ಪದ ಎತ್ತಿ ಮೇಜಿನ ಮೇಲಿಟ್ಟಂತೆ, ತಾಯಿಯ ಮಾತಿನಲ್ಲಿ, ಶಾಲೆ ಸೇರಿದ ಮೇಲೆ ಆಡದಿದ್ದ ಮಾತಿನಲ್ಲಿ ಹೇಳಿದಳು. ಅಮ್ಮ ಊರಿಗೆ ಹೋಗಬಹುದು.

ಕೊನೆಯ ಪದದ ಸ್ವರ ತಪ್ಪಿತ್ತು. ಆಂಟಿ ಅದನ್ನು ತಾವು ಸರಿಯಾಗಿ ಹೇಳಿ ತೋರಿಸಿದರು, ನನಗೆ ತಿದ್ದುತ್ತಿದ್ದ ಹಾಗೆಯೇ. ಲಿಲಿ ಇನ್ನೊಮ್ಮೆ ಹೇಳಿದಳು. ಸರಿಬಂತು. ಸೆಪ್ಟೆಂಬರಿನಲ್ಲಿ ರಜೆ ಹಾಕಿ ತಾನೂ ಜೊತೆಗೆ ಬರುತ್ತೇನೆ ಎಂದು ಇಂಗ್ಲಿಷಿನಲ್ಲಿ ಸೇರಿಸಿ, ತಾಯಿಯ ಎರಡೂ ಸ್ವೆಟರುಗಳ ಮೇಲೆ ಮುಖ ಇಟ್ಟು ಅತ್ತಳು. ನಾನೂ ಅತ್ತೆ, ಗೋಡೆಯ ಕಡೆ ತಿರುಗಿ. ಆಂಟಿ ಒಬ್ಬರೇ ಅಳಲಿಲ್ಲ. ಮಗಳ ಕೂದಲಲ್ಲಿ ಬೆರಳಾಡಿಸುತ್ತ, ಅವಳ ತಲೆಯ ಮೇಲಿನಿಂದ ನನ್ನನ್ನು ಕೇಳಿದರು.

"ಮಷೀನ್ ಎಲ್ಲಿ?"

"ಕಾರಲ್ಲಿದೆ ಆಂಟಿ. ತರಲಿಲ್ಲ. ತರ್ಲಾ?"

"ಬೇಡ" ಎಂದರು. "ಇದು ನಂದು."